ಮಂಜುಗೆ, ರಾಜೀನಾಮೆ ಪತ್ರ ಕಳಿಸುವ ಮುಂಚೆ

ಪ್ರಿಯ ಮಂಜು,

ನಿನ್ನ ರಾಜೀನಾಮೆ ಪತ್ರ ಓದಿದೆ. ತಿದ್ದೋದಕ್ಕೆ ಅದರಲ್ಲಿ ಏನೂ ಇಲ್ಲ, ಆದರೆ ಸೋಮವಾರ ಅದನ್ನ ಕಳಿಸಬೇಡ. ಸಾಫ್ಟ್‌ವೇರ್ ಬಿಟ್ಟು ಗಣಿತದ ಮೇಷ್ಟ್ರಾಗ್ತೀನಿ ಅಂತಿರೋದಕ್ಕೆ ನಾನು ಅಡ್ಡ ಬರ್ತಿಲ್ಲ ಕಣೋ. ಪಿಯುಸಿಯಲ್ಲಿ ಇಂಟಿಗ್ರೇಷನ್ ನನ್ನ ತಲೆಗೆ ಹತ್ತಿದ್ದೇ ನಿನ್ನಿಂದ. ನಿನ್ನ ಕೈಲಿ ಪಾಠ ಹೇಳೋ ಗುಣ ಇದೆ ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಇರೋದು ನೀನು ಹಿಡಿದಿರೋ ಕ್ರಮದ ಬಗ್ಗೆ. ರಾಜೀನಾಮೆ ಕೊಟ್ಟುಬಿಟ್ಟರೆ ಉಳಿದದ್ದು ತಾನಾಗಿ ಆಗುತ್ತೆ ಅಂದುಕೊಂಡಿದ್ದೀಯ. ಉಳಿದದ್ದೆಲ್ಲ ಮುಗಿದ ಮೇಲೆ ಕೊಡಬೇಕಾದ ಕಾಗದ ಅದು.

ಮೊದಲು ಒಂದು ಮಾತು ನೇರವಾಗಿ ಕೇಳ್ತೀನಿ. ನೀನು ಬಿಡ್ತಿರೋದು ಕೆಲಸವನ್ನೋ, ಮ್ಯಾನೇಜರನ್ನೋ? ನಿನ್ನ ದೂರುಗಳನ್ನೆಲ್ಲ ನೆನಪಿಸಿಕೊಂಡೆ. ರಾತ್ರಿ ಹತ್ತಕ್ಕೆ ಕಾಲ್, ರಜೆ ಕೇಳಿದರೆ ಮುಖ ಸಿಂಡರಿಸೋದು, ಬೇರೆಯವರ ತಪ್ಪಿಗೆ ನಿನ್ನ ರೇಟಿಂಗ್ ಇಳಿದದ್ದು. ಇದರಲ್ಲಿ ಕೋಡ್ ಬರೆಯೋದು ಬೇಜಾರು ಅಂತ ಎಲ್ಲೂ ಇಲ್ಲ. ಇಂಥ ಹೆಡ್ಮಾಸ್ಟರೂ ಇರ್ತಾರೆ, ಇಂಥ ಆಡಳಿತ ಮಂಡಳಿಯೂ ಇರುತ್ತೆ. ಟೀಮ್ ಬದಲಾಯಿಸಿದರೆ ಹೋಗೋ ನೋವಿಗೆ ವೃತ್ತಿಯನ್ನೇ ಬದಲಾಯಿಸೋದು ದುಬಾರಿ. ಒಳ್ಳೆ ಮ್ಯಾನೇಜರ್ ಸಿಕ್ಕಿದರೂ ಮೇಷ್ಟ್ರೇ ಆಗ್ತೀನಿ ಅನ್ನೋದಾದರೆ ಮುಂದೆ ಓದು.

ಶಾಲೆ ಅಂದರೆ ನಿನ್ನ ಕಣ್ಣಿಗೆ ಬರೋದು ಬೋರ್ಡಿನ ಮುಂದೆ ನಿಂತ ಆ ನಲವತ್ತು ನಿಮಿಷ. ನಮ್ಮಕ್ಕ ಇಪ್ಪತ್ತು ವರ್ಷದಿಂದ ಟೀಚರ್, ಉಳಿದದ್ದನ್ನ ನಾನು ಮನೆಯಲ್ಲೇ ನೋಡಿ ಬೆಳೆದವನು. ಸಂಜೆ ಕಾಫಿ ಕುಡಿದು ಊಟದ ಟೇಬಲ್ ಮೇಲೆ ನೋಟ್‌ಬುಕ್ ರಾಶಿ ಹಾಕಿಕೊಂಡು ಕೂತರೆ ಕುಕ್ಕರ್ ಕೂಗಿದರೂ ಏಳಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಅಂತ ಬರೀತಾರೆ. ಅದೇ ತಪ್ಪು, ಪುಸ್ತಕದ ಮೇಲೆ ಪುಸ್ತಕ. ಅಕ್ಕ ಪ್ರತಿಯೊಂದರಲ್ಲೂ ಕೆಂಪು ಪೆನ್ನಲ್ಲಿ ಒಂದು ರೊಟ್ಟಿ ಬರೆದು ಪಾಲು ಮಾಡಿ ತೋರಿಸ್ತಾಳೆ. ಆಮೇಲೆ ಅಂಕಪಟ್ಟಿ, ಪೋಷಕರ ಫೋನು, ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸು. ಆ ಕೆಂಪು ಪೆನ್ನಿನ ಕೆಲಸವೂ ನಿನಗೆ ಇಷ್ಟ ಆಗುತ್ತಾ ಅನ್ನೋದು ಗೊತ್ತಾಗಬೇಕು. ಅದಕ್ಕೆ ಕೆಲಸ ಬಿಡಬೇಕಾಗಿಲ್ಲ, ನಾಲ್ಕಾರು ಶನಿವಾರ ಬಿಟ್ಟುಕೊಟ್ಟರೆ ಸಾಕು.

ಮೇಷ್ಟ್ರಾಗೋಕೆ ಬೇಕಾದ ಬಿ.ಎಡ್. ಪದವಿಯ ವಿಷಯಕ್ಕೆ ಬಾ. ಈಗಿರೋ ರೆಗ್ಯುಲರ್ ಕೋರ್ಸ್ ಎರಡು ವರ್ಷದ್ದು. ಶಿಕ್ಷಕರ ತರಬೇತಿ ನೋಡಿಕೊಳ್ಳೋ ಕೇಂದ್ರದ ಮಂಡಳಿ ಎನ್‌ಸಿಟಿಇ ನಿಯಮದ ಪ್ರಕಾರ ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು. ವಿಜ್ಞಾನ, ಗಣಿತ ಓದಿರೋ ಎಂಜಿನಿಯರಿಂಗ್ ಪದವೀಧರರಿಗೆ ಶೇ 55 ಅಂಕ ಕೇಳ್ತಾರೆ, ನಿನಗೆ ಅದಕ್ಕೇನೂ ತೊಂದರೆ ಇಲ್ಲ. ಆದರೆ ಆಫೀಸಿಗೂ ಹೋಗ್ತಾ ಇದನ್ನೂ ಮುಗಿಸ್ತೀನಿ ಅನ್ನೋ ಲೆಕ್ಕ ಕೂಡಿ ಬರಲ್ಲ. "ಕಾಲೇಜಿಗೆ ಬರೋದೇ ಬೇಡ ಸಾರ್, ದುಡ್ಡು ಕಟ್ಟಿ ಪರೀಕ್ಷೆ ಬರೀರಿ" ಅನ್ನೋ ಏಜೆಂಟರ ಮಾತಿಗೆ ದಯವಿಟ್ಟು ಕಿವಿಗೊಡಬೇಡ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ನೀನೇ ನೋಡಿಕೋ. ಮೊದಲೇ ಗೊತ್ತಿರಲಿ, ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಮೇಷ್ಟ್ರಾಗಬೇಕಾದರೆ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆಯನ್ನೂ ಪಾಸು ಮಾಡಬೇಕು. ಒಟ್ಟು 150 ಅಂಕ, ಸಾಮಾನ್ಯ ವರ್ಗದವರಿಗೆ 90 ಬರಬೇಕು. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತೆ.

ಈಗ ದುಡ್ಡಿನ ಮಾತು. ಪೇರೋಲ್, ಅಂದರೆ ಸಂಬಳದ ಲೆಕ್ಕ, ನನ್ನ ದಿನನಿತ್ಯದ ಕೆಲಸ, ಬಿಟ್ಟು ಹೋಗೋರ ಕೊನೇ ಬಾಕಿಯ ಫುಲ್ ಅಂಡ್ ಫೈನಲ್ ಲೆಕ್ಕ ನನ್ನ ಟೇಬಲ್ ದಾಟಿಯೇ ಹೋಗಬೇಕು. ಹೋದ ವರ್ಷ ಒಬ್ಬ ಹುಡುಗ 90 ದಿನದ ನೋಟಿಸ್‌ನಲ್ಲಿ 30 ದಿನ ಮಾತ್ರ ಇದ್ದು ಹೊರಟ. ಉಳಿದ 60 ದಿನದ ಸಂಬಳ ಕಡಿತ, ಜಾಯ್ನಿಂಗ್ ಬೋನಸ್ ವಾಪಸ್. ಹಾಳೆಯ ಕೊನೇ ಸಾಲಲ್ಲಿ ಮೊತ್ತದ ಹಿಂದೆ ಮೈನಸ್ ಗುರುತು ಬಂದಿತ್ತು. ನನ್ನೆದುರೇ ಫೋನಿನ ಕ್ಯಾಲ್ಕುಲೇಟರ್ ತೆಗೆದು ಮತ್ತೆ ಮತ್ತೆ ಕೂಡಿದ, ಪಾಪ. ಪ್ರತಿ ಸಲವೂ ಅಷ್ಟೇ ಬಂತು.

ನಿನಗೆ ಈ ಕಂಪನಿಯಲ್ಲಿ ಐದು ವರ್ಷ ತುಂಬೋದು ಬರೋ ಮಾರ್ಚ್‌ಗೆ ಅಲ್ವಾ? ನಿನ್ನಂಥ ಕಾಯಂ ನೌಕರನಿಗೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡೋ ಸೇವಾ ಮೊತ್ತ, ಸಿಗೋದು ಐದು ವರ್ಷದ ನಿರಂತರ ಸೇವೆಗೆ. ತಿಂಗಳ ಮೂಲ ವೇತನ 50,000 ಅಂತ ಇಟ್ಟುಕೊ. ಅದನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಐದರಿಂದ ಗುಣಿಸು. ಹತ್ತಿರ ಹತ್ತಿರ 1,44,000 ರೂಪಾಯಿ. ಕೋಪದಲ್ಲಿ ಈಗಲೇ ಹೊರಟರೆ ಅಷ್ಟೂ ಹೋಯಿತು. ಪಿಎಫ್ ಮುಟ್ಟಲೇಬೇಡ. ಹಳೇ ಕಂಪನಿಯ ಖಾತೆಯನ್ನ ಇದಕ್ಕೆ ವರ್ಗಾಯಿಸಿದ್ದೀಯಾ ನೋಡು, ಸೇವೆ ಐದು ವರ್ಷ ಆಗೋ ಮುಂಚೆ ತೆಗೆದ ಪಿಎಫ್‌ಗೆ ತೆರಿಗೆ ಬೀಳುತ್ತೆ, ವರ್ಗಾಯಿಸಿದ್ದರೆ ಹಳೇ ಸೇವೆಯೂ ಲೆಕ್ಕಕ್ಕೆ ಬರುತ್ತೆ.

ನನಗೆ ಎಲ್ಲಕ್ಕಿಂತ ಚಿಂತೆ ಇರೋದು ನಿಮ್ಮಪ್ಪಂದು. ಅವರ ಸಕ್ಕರೆ ಕಾಯಿಲೆಗೆ ಈಗ ಆಸರೆ ಕಂಪನಿಯ ಇನ್ಶೂರೆನ್ಸ್. ಸಾಮಾನ್ಯವಾಗಿ ಕೊನೇ ದಿನಕ್ಕೆ ಅದೂ ನಿಂತುಹೋಗುತ್ತೆ. ಹೊಸ ಪಾಲಿಸಿ ತಗೊಂಡರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆಫೀಸಿನ ಈ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋದರೆ ಇಷ್ಟು ವರ್ಷ ವಿಮೆಯಲ್ಲಿ ಇದ್ದದ್ದು ಆ ಕಾಯೋ ಅವಧಿಯ ಲೆಕ್ಕಕ್ಕೆ ಸಿಗುತ್ತೆ. ಆ ಅರ್ಜಿ ಕೆಲಸದಲ್ಲಿ ಇರುವಾಗಲೇ ಹಾಕು.

ಇನ್ನೊಂದು ಮಾಡು. ಮುಂದಿನ ತಿಂಗಳಿಂದಲೇ ಮೇಷ್ಟ್ರ ಸಂಬಳದಲ್ಲಿ ಮನೆ ನಡೆಸು. ಸುತ್ತಮುತ್ತಲ ಶಾಲೆಗಳಲ್ಲಿ ಹೊಸಬರಿಗೆ ಎಷ್ಟು ಕೊಡ್ತಾರೆ ಕೇಳಿಕೊಂಡು ಬಾ, ಅಷ್ಟನ್ನೇ ಖರ್ಚು ಮಾಡು, ಮಿಕ್ಕಿದ್ದು ಬೇರೆ ಖಾತೆಗೆ ಹೋಗಲಿ. ಬನಶಂಕರಿ ಬಾಡಿಗೆ, ಪುಟ್ಟಿಯ ಫೀಸು, ಕಾರಿನ ಇಎಂಐ ಎಲ್ಲ ಅದರಲ್ಲೇ ಆಗಬೇಕು. ಈ ಪ್ರಯೋಗಕ್ಕೆ ಶೋಭಾ ಜೊತೆ ಕೂತು ಮಾತಾಡದೆ ಕೈ ಹಾಕಬೇಡ. ನಿನ್ನ ಪತ್ರದಲ್ಲಿ ಅವಳ ಹೆಸರೇ ಬಂದಿಲ್ಲ, ಅದು ನನಗೆ ಸರಿ ಕಾಣಲಿಲ್ಲ. ಎರಡು ವರ್ಷ ಸಂಬಳ ಇಲ್ಲದ ಮನೆಯನ್ನ ನಿನ್ನ ಜೊತೆ ತೂಗಿಸಬೇಕಾದವಳು ಅವಳು.

ಅಕ್ಕ ಅವಳ ಹೆಡ್ಮಿಸ್ ಹತ್ತಿರ ನಿನ್ನ ವಿಷಯ ಮಾತಾಡಿದ್ದಾಳೆ. ಈ ಶನಿವಾರ ಏಳನೇ ತರಗತಿಯಲ್ಲಿ ಕೂತು ನೋಡಬಹುದಂತೆ. ಎಂಟೂಕಾಲಕ್ಕೆ ಗೇಟಿನ ಹತ್ತಿರ ಇರು, ನಾನೂ ಬರ್ತೀನಿ. ಬರುವಾಗ ಆಫರ್ ಲೆಟರ್ ತಗೊಂಡು ಬಾ, ನೋಟಿಸ್ ಷರತ್ತು ಏನಿದೆ ಅಂತ ಒಟ್ಟಿಗೆ ಓದೋಣ.

ನಿನ್ನ,
ಸೀನ