ಹೊಳೆಯ ಉಸುಕಿಗೂ ಜೀವವಿದೆ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯ ಊರಿನವನು, ನಿವೃತ್ತ ವಿಜ್ಞಾನ ಶಿಕ್ಷಕ. ಹೊಳೆಯಿಂದ ಉಸುಕು ಬಗೆಯುವುದನ್ನು ನಿಲ್ಲಿಸಿ ಎಂದು ಆರು ವರ್ಷಗಳಲ್ಲಿ ಒಂಬತ್ತು ಅರ್ಜಿ ಕೊಟ್ಟಿದ್ದೇನೆ. ಒಂಬತ್ತಕ್ಕೂ ಸ್ವೀಕೃತಿ ಸಿಕ್ಕಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಹತ್ತನೆಯದನ್ನು ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಕಚೇರಿಯೊಂದರ ಮುಂದೆ ಮಂಡಿನೋವು ಕಟ್ಟಿಕೊಂಡು ಬೆಳಗ್ಗೆ ಹತ್ತರಿಂದ ಮೂರರವರೆಗೆ ಕಾದೆ. ಕೊನೆಗೆ ಅಧಿಕಾರಿ ಕಡತದಿಂದ ತಲೆ ಎತ್ತದೆಯೇ ಹೇಳಿದರು: “ಹೊಳೆ ಬಂದರೆ ಉಸುಕು ತಾನಾಗಿ ಬರುತ್ತದೆ ಮಾಸ್ತರೆ. ಅದರಲ್ಲಿ ಏನು ಜೀವ ಇದೆ?”

ಇದೆ, ಸ್ವಾಮಿ. ಚಳಿಗಾಲದಲ್ಲಿ ಹೊಳೆ ಇಳಿದಾಗ ಮೊಣಕಾಲುದ್ದದ ತಿಳಿನೀರಿನಡಿ ಉಸುಕಿನ ಮೇಲೆ ತೆಳ್ಳನೆಯ ಕಂದು ಹೊದಿಕೆ ಕಾಣುತ್ತದೆ. ಅದು ಕೊಳೆಯಲ್ಲ, ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಪ್ರತಿ ಜನವರಿಯಲ್ಲಿ ಮಕ್ಕಳನ್ನು ಕರೆದೊಯ್ದು, ಚಮಚದಲ್ಲಿ ಅದನ್ನು ಕೆರೆದು ತಂದು, ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಡುತ್ತಿದ್ದೆ. ಗಾಜಿನ ದೋಣಿಯಂತಹ ಜೀವಗಳು ಮೆಲ್ಲಗೆ ಜಾರುತ್ತಿದ್ದವು. ಅವುಗಳ ಕವಚವೂ ಉಸುಕಿನಲ್ಲಿರುವ ಸಿಲಿಕಾದ್ದೇ. ಉಸುಕಿನ ಒಂದೇ ಕಾಳಿನ ತಗ್ಗುಗಳಲ್ಲಿ ಗುಂಪುಗುಂಪಾಗಿ ಅಂಟಿಕೊಂಡವೂ ಇರುತ್ತಿದ್ದವು. “ಸರ್, ಉಸುಕು ನಡೆಯುತ್ತಿದೆ!” ಎಂದು ಹುಡುಗಿಯೊಬ್ಬಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಉಸುಕಿನೊಳಗೆ ಬೆಳಕು ಇಳಿಯುವುದು ಕೆಲವೇ ಮಿಲಿಮೀಟರ್. ಆ ಮೇಲ್ಪದರವೇ ಹೊಳೆಯ ಹುಲ್ಲುಗಾವಲು. ಅಲ್ಲಿನ ಪಾಚಿಯನ್ನು ಹುಳು, ಬಸವನಹುಳು, ಕೀಟಗಳ ಮರಿಗಳು ಮೇಯುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ, ಮೀನನ್ನು ಮಿಂಚುಳ್ಳಿ, ನೀರುನಾಯಿ. ಹೊನ್ನಾವರದ ಕಡಲ ದಂಡೆಯ ಮರಳಿನಲ್ಲೂ ಇಂಥ ಪಾಚಿಯೇ ಚಿಪ್ಪುಜೀವಿ, ಏಡಿಗಳನ್ನು ಸಾಕುತ್ತದೆ. ನಮ್ಮೂರಿಂದ ಕೆಳಗಡೆ ಇದೇ ತುಂಗಭದ್ರೆಯ 34 ಕಿಲೋಮೀಟರ್ ಪಾತ್ರವನ್ನು ಸರ್ಕಾರವೇ 2015ರಲ್ಲಿ ನೀರುನಾಯಿಗಳಿಗೆಂದು ಮೀಸಲಿಟ್ಟಿದೆ. ನಮ್ಮ ಭಾಗದ ಹೊಳೆ ಮಾತ್ರ ಯಾರಿಗೂ ಬೇಡವಾಯಿತೆ?

ನನ್ನ ಮಕ್ಕಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಎರಡಾಳು ಆಳದ ಗುಂಡಿ. ನೀರು ಸದಾ ಕದಡಿರುವುದರಿಂದ ತಳಕ್ಕೆ ಬೆಳಕು ಮುಟ್ಟುವುದಿಲ್ಲ, ಪಾಚಿ ಹಿಡಿಯುವುದಿಲ್ಲ. ಪಕ್ಕದ ಮನೆಯ ಮೀನುಗಾರ ಬಲೆಯನ್ನು ಅಟ್ಟಕ್ಕೆ ಹಾಕಿ ಹುಬ್ಬಳ್ಳಿಗೆ ಕೂಲಿಗೆ ಹೋದ. ರಾತ್ರಿ ಎರಡಕ್ಕೆ ಟಿಪ್ಪರ್‌ಗಳು ಹಾಯುವಾಗ ನಮ್ಮ ಗೋಡೆ ನಡುಗುತ್ತದೆ. ನನ್ನ ಹೆಂಡತಿ ಎದ್ದು ಕೂರುತ್ತಾಳೆ, ಮತ್ತೆ ಮಲಗುವುದಿಲ್ಲ.

ಉಸುಕು ತೆಗೆಯಲು ಇರುವ ಮೂರು ಮೀಟರ್ ಆಳದ ಮಿತಿ, ಐದು ಹೆಕ್ಟೇರಿಗಿಂತ ಚಿಕ್ಕ ಜಾಗಕ್ಕೂ ಪರಿಸರ ಅನುಮತಿ ಬೇಕೆಂಬ 2012ರ ಸುಪ್ರೀಂ ಕೋರ್ಟ್ ಆದೇಶ, ಎಲ್ಲವೂ ತಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದು ಹೇಗೆ ಸಾಧ್ಯ?

ನೀರು ಹರಿಯುವ ಪಾತ್ರಕ್ಕೆ ಯಂತ್ರ ಇಳಿಸುವುದನ್ನು ನಿಲ್ಲಿಸಿ. ಮನೆ ಕಟ್ಟುವವರಿಗೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಉಸುಕು, ಸುಲಭವಾಗಿ ಸಿಗುವಂತೆ ಮಾಡಿ, ಆದರೆ ಹೊಳೆಗೆ ಯಂತ್ರ ಇಳಿಸುವುದನ್ನು ನಿಲ್ಲಿಸಿ. ಜನವರಿಯಲ್ಲಿ ನೀರು ಇಳಿಯುತ್ತದೆ, ಟಿಪ್ಪರ್‌ಗಳೂ ಆಗಲೇ ಬರುತ್ತವೆ. ಅದಕ್ಕೆ ಮೊದಲೇ ನಿಲ್ಲಿಸಿ.

ಇಂತಿ,
ತುಂಗಭದ್ರೆಯ ದಂಡೆಯ ಒಬ್ಬ ಮತದಾರ