ರಕ್ಕಸ ಬೇಟೆ ಕನ್ನಡದಲ್ಲೂ ನಡೆಯಲಿ, ಆದರೆ ಹಿಂದಿಯ ಹಾದಿ ಹಿಡಿದಲ್ಲ

ಮಾನ್ಯ ಸಂಪಾದಕರೇ,

ಜಪಾನಿನ ಅನಿಮೆ, ಅಂದರೆ ಅನಿಮೇಷನ್, ಸರಣಿ 'ಡೀಮನ್ ಸ್ಲೇಯರ್'ನ 'ಇನ್ಫಿನಿಟಿ ಕ್ಯಾಸಲ್' ಚಿತ್ರ 2025ರ ಸೆಪ್ಟೆಂಬರ್ 12ರಂದು ಭಾರತದ ಚಿತ್ರಮಂದಿರಗಳಿಗೆ ಬಂತು. ಜಪಾನಿ ಮೂಲದ ಜೊತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಆವೃತ್ತಿಗಳಿದ್ದವು. ಕನ್ನಡದ್ದು ಇರಲಿಲ್ಲ. ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲೇ ಆದೇಶಿಸಿದೆ. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿದಾಗ ಮನೆಮಂದಿಯೆಲ್ಲ ಕೂತು ನೋಡಿದ್ದೂ ಆಯಿತು. ಹಾಗಾಗಿ ಇಂದಲ್ಲ ನಾಳೆ ಅನಿಮೆಗಳೂ ಕನ್ನಡಕ್ಕೆ ಬರುತ್ತವೆ. ನಮ್ಮ ಆತಂಕ ಇರುವುದು ಅವು ಬರುವ ದಾರಿಯ ಬಗ್ಗೆ. ಜಪಾನಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಎಂದು ಮೂರು ಕೈ ದಾಟಿ ಬಂದರೆ, ಕನ್ನಡಕ್ಕೆ ಪುಕ್ಕಟೆಯಾಗಿ ಸಿಗಬೇಕಿದ್ದ ಲಾಭವೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕೊಯೊಹರು ಗೊತೋಗೆ ಬರೆದ ಮಂಗಾ, ಅಂದರೆ ಜಪಾನಿ ಚಿತ್ರಕಥೆ, 2016ರಿಂದ 2020ರವರೆಗೆ ವಾರಪತ್ರಿಕೆಯಲ್ಲಿ ಬಂದು 23 ಸಂಪುಟಗಳಾಯಿತು. ಯೂಫೋಟೇಬಲ್ ಸ್ಟುಡಿಯೊ 2019ರಿಂದ ಅದನ್ನು ಅನಿಮೆ ಮಾಡುತ್ತಿದೆ. ಕಾಲ ಜಪಾನಿನ ತೈಶೋ ಯುಗ, ಅಂದರೆ 1912ರಿಂದ 1926. ರೈಲು, ಕರೆಂಟು ಬಂದಾಗಿದೆ, ಸಾರ್ವಜನಿಕವಾಗಿ ಕತ್ತಿ ಹಿಡಿದು ಓಡಾಡುವುದನ್ನು 1876ರಲ್ಲೇ ನಿಷೇಧಿಸಲಾಗಿದೆ. ಅದಕ್ಕೇ ರೈಲು ನಿಲ್ದಾಣದಲ್ಲಿ ನಮ್ಮ ನಾಯಕರು ಪೊಲೀಸರನ್ನು ಕಂಡು ಓಟ ಕೀಳುವುದು. ಇದ್ದಿಲು ಮಾರುವ ಮನೆಯ ಹಿರಿಮಗ ತಂಜಿರೋಗೆ ಆರಂಭದಲ್ಲಿ 13 ವರ್ಷ. ಮನೆಯವರನ್ನೆಲ್ಲ ಮನುಷ್ಯರನ್ನು ತಿನ್ನುವ 'ಒನಿ' ಕೊಂದುಹಾಕುತ್ತದೆ, ಬದುಕುಳಿದ ತಂಗಿ ನೆಜುಕೊ ತಾನೇ ಒನಿಯಾಗುತ್ತಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ದಾರಿ ಹುಡುಕುತ್ತ ಹುಡುಗ ಕತ್ತಿ ಹಿಡಿಯುತ್ತಾನೆ.

ಮೊದಲ ಲಾಭ ವಾಕ್ಯದ ಕಟ್ಟಿನದು. ಜಪಾನಿಯಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. 'ನಿನ್ನ ತಂಗಿಯನ್ನು ನಾನು' ಎನ್ನುವಷ್ಟರಲ್ಲಿ ಕೇಳುವವನ ಮುಖ ತೆರೆಯ ಮೇಲೆ ಬರುತ್ತದೆ, 'ಕೊಲ್ಲುತ್ತೇನೆ' ಎಂಬ ಪದ ಆ ಮುಖದ ಮೇಲೆ ಬೀಳುತ್ತದೆ. ದೃಶ್ಯ ಕತ್ತರಿಸಿರುವುದೇ ಆ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ಕೊಲ್ಲುವ ಮಾತು ಮೊದಲೇ ಬಂದುಬಿಡುವುದರಿಂದ ಅವರು ವಾಕ್ಯವನ್ನು ಮುರಿದು ಬೇರೆಯೇ ಮಾತು ತುಂಬುತ್ತಾರೆ. ಅದರಿಂದ ಕನ್ನಡಕ್ಕೆ ತಂದರೆ ಮುರಿದ ವಾಕ್ಯವನ್ನೇ ಮತ್ತೊಮ್ಮೆ ಮುರಿದಂತೆ. ಸಹಾಯಕ ಕ್ರಿಯಾಪದಗಳನ್ನು ನೋಡಿ: ಜಪಾನಿಯ 'ತಬೆತೆ ಮಿರು' ಅಕ್ಷರಶಃ 'ತಿಂದು ನೋಡು', 'ತಬೆತೆ ಶಿಮತ್ತ' ಎಂದರೆ 'ತಿಂದುಬಿಟ್ಟ'. 'ಅಂತ ಅಂದ', 'ಅಂತ ಅನ್ಸುತ್ತೆ' ಎನ್ನುವ ನಮ್ಮ 'ಅಂತ'ಕ್ಕೆ ಅವರಲ್ಲಿ 'ತೊ' ಇದೆ. ಅನುಕರಣ ಪದಗಳಲ್ಲಂತೂ ಇಬ್ಬರೂ ಒಂದೇ ಊರಿನವರು. ಗುಡುಗು ಅವರಿಗೆ 'ಗೊರೊಗೊರೊ', ನಮಗೆ ಗುಡುಗುಡು. ಎದೆ ಅವರಿಗೆ 'ದೊಕಿದೊಕಿ', ನಮಗೆ ಡವಡವ. ಉರಿ ಅವರಿಗೆ 'ಮೆರಮೆರ', ನಮಗೆ ಧಗಧಗ.

ಬಾಯಿ ಹೊಂದಿಸುವುದು ಭಾರೀ ಕಷ್ಟವೆಂದು ಹೆದರಿಸುವವರಿದ್ದಾರೆ. ಅನಿಮೆಯ ಮಾತಿನ ದೃಶ್ಯಗಳಲ್ಲಿ ಬಾಯಿಗೆ ಸಾಮಾನ್ಯವಾಗಿ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಪ, ಬ, ಮ ಬಂದಾಗ ತುಟಿ ಕೂಡಲೇಬೇಕೆಂಬ ಸಿನಿಮಾದ ಪಾಡು ಇಲ್ಲಿಲ್ಲ. ಮಾತು ಶುರುವಾಗುವ ಕ್ಷಣ, ಮುಗಿಯುವ ಕ್ಷಣ, ನಡುವಿನ ತಡೆಗಳು ಕೂಡಿದರೆ ಸಾಕು. ಎಡವುವುದು ಮಾತಿನ ಉದ್ದದಲ್ಲಿ. ಅದನ್ನು ಅಳೆಯುವ ಕೋಲು ನಮ್ಮ ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲೇ ಇದೆ. ಜಪಾನಿ ಕಿವಿ ಎಣಿಸುವುದು ಹೆಚ್ಚುಕಡಿಮೆ ನಮ್ಮ ಮಾತ್ರೆಯ ಹಾಗೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಿದ ವ್ಯಂಜನಕ್ಕೂ 'ನ್' ಎಂಬುದಕ್ಕೂ ಒಂದೊಂದು ಹೆಚ್ಚು. ಅವರ 'ಕಿತ್ತೆ' ಮೂರು, ನಮ್ಮ 'ಕಟ್ಟು' ಮೂರು.

ಈ ಕಥೆಯಲ್ಲಿ ಕತ್ತಿ ಬೀಸುವವರು ತಮ್ಮ ಉಸಿರಾಟದ ವಿದ್ಯೆಯ ಹೆಸರನ್ನೂ ಹೊಡೆತದ ಹೆಸರನ್ನೂ ಕೂಗಿ ಹೇಳುತ್ತಾರೆ. ತಂಜಿರೋನ ಮೊದಲ ಹೊಡೆತದ ಕೂಗನ್ನೇ ತೂಗಿ ನೋಡೋಣ. 'ಮಿಜು ನೊ ಕೊಕ್ಯೂ' ಆರು ಮಾತ್ರೆ. 'ನೀರಿನುಸಿರು' ಕೂಡ ಕರಾರುವಾಕ್ಕಾಗಿ ಆರು. 'ಇಚಿ ನೊ ಕತ' ಐದು. ಇಲ್ಲಿ 'ಪಟ್ಟು' ಎಂದು ಬರೆಯುವ ಆಸೆ ಹುಟ್ಟುತ್ತದೆ, ಆದರೆ ಪಟ್ಟು ಗರಡಿಮನೆಯದು, ಕುಸ್ತಿಯದು. ಕತ್ತಿಗೆ ನಮ್ಮಲ್ಲಿ ಇರುವ ಪದ ವರಸೆ. 'ಮೊದಲ ವರಸೆ' ಆರು ಮಾತ್ರೆ, ಒಂದು ಹೆಚ್ಚು. ಕೊನೆಯ 'ಮಿನಮೊ ಗಿರಿ' ಐದು. 'ಅಲೆಸೀಳು' ಎಂದರೆ ಲೆಕ್ಕ ಸರಿಹೋಗುತ್ತದೆ, ಅರ್ಥ ಜಾರುತ್ತದೆ: ಮಿನಮೊ ಎಂದರೆ ನೀರಿನ ಮೇಲ್ಮೈ, ಅಲೆ ಅಲ್ಲ. 'ನೀರ್ಮೈ ಸೀಳು' ಏಳಾದರೂ ಅದೇ ಇರಲಿ. ಒಟ್ಟು ಮೂರು ಮಾತ್ರೆ ಹೆಚ್ಚಾದದ್ದನ್ನು ಕಲಾವಿದ ಒಂದೇ ಉಸಿರಿನಲ್ಲಿ ನುಂಗಿಕೊಳ್ಳಬಲ್ಲ. 'ಜಲಪೃಷ್ಠಚ್ಛೇದನ' ಎಂದು ಗದೆ ಬೀಸಿದರೆ ಮಾತ್ರ ಕತ್ತಿ ಒರೆಗೆ ಮರಳಿದರೂ ಹೆಸರು ಮುಗಿದಿರುವುದಿಲ್ಲ.

ಒನಿಗೆ ಏನೆನ್ನುವುದು? ದೆವ್ವ, ಪಿಶಾಚಿ ಎಂದರೆ ಮೈಯಿಲ್ಲದ್ದು. ಒನಿಗೆ ಮೈ ಇದೆ, ಕುತ್ತಿಗೆ ಇದೆ, ಅದನ್ನು ಸೂರ್ಯನ ಕಸುವು ಹೀರಿದ ಅದಿರಿನ ನಿಚಿರಿನ್ ಕತ್ತಿಯಿಂದಲೇ ಕಡಿಯಬೇಕು, ಇಲ್ಲವೇ ಬಿಸಿಲಿಗೆ ಎಳೆಯಬೇಕು. ಭೂತ ಎಂಬ ಪದವನ್ನಂತೂ ಮುಟ್ಟಲೇಬಾರದು. ಕರಾವಳಿಯಲ್ಲಿ ಅದು ಕೈಮುಗಿಯುವ ದೈವ. ರಾಕ್ಷಸ ಎಂದರೆ ಹುಟ್ಟಿನಿಂದಲೇ ಆ ಕುಲದವನು ಎಂಬ ಪುರಾಣದ ಭಾರ ಬರುತ್ತದೆ; ಇಲ್ಲಿಯ ಒನಿಗಳೋ ತಮ್ಮ ಒಡೆಯ ಮುಜನ್‌ನ ರಕ್ತ ಸೇರಿ ಕೆಟ್ಟ ಮನುಷ್ಯರು. ಅಜ್ಜಿಕಥೆಯ 'ರಕ್ಕಸ' ವಾಸಿ. 'ಒನಿ' ಎರಡೇ ಮಾತ್ರೆ, ರಕ್ಕಸ ನಾಲ್ಕು, ಆದ್ದರಿಂದ ಕೂಗುವ ಕಡೆ ಅಕ್ಕಪಕ್ಕದ ಪದ ಕಿತ್ತುಹಾಕಬೇಕಾದೀತು. ಅವರನ್ನು ಕೊಲ್ಲುವ ತಂಡವನ್ನು 'ರಕ್ಕಸ ಪಡೆ' ಎಂದೀರಿ ಜೋಕೆ, ಅದು ರಕ್ಕಸರದ್ದೇ ಪಡೆಯಾಗುತ್ತದೆ! 'ರಕ್ಕಸವೈರಿ ಪಡೆ' ಎನ್ನಬಹುದು. ಆ ಪಡೆಯ ಒಂಬತ್ತು ಹಿರಿಯರು 'ಹಶಿರ', ಅಂದರೆ ಕಂಬ. ಆ ಪದದ ಲಿಪಿಯನ್ನು ಬರೆಯಲು ಒಂಬತ್ತು ಗೆರೆ ಬೇಕು, ಸಂಖ್ಯೆ ಅಲ್ಲಿಂದ ಬಂದದ್ದು. ಕಂಬ ಎಂದರೆ ನಮಗೆ ಲೈಟು ಕಂಬ ನೆನಪಾಗುತ್ತದೆ, 'ಜಲಸ್ತಂಭ' ಎಂದರೆ ಕೊಳದಲ್ಲಿ ಅಡಗಿದ ದುರ್ಯೋಧನ. 'ನೀರಿನ ಸ್ತಂಭ' ಎಂದು ಬಿಡಿಸಿ ಹೇಳಿದರೆ ಎರಡೂ ತಪ್ಪುತ್ತವೆ.

ಮುಜನ್‌ನ ಕೈಕೆಳಗಿನ 'ಹನ್ನೆರಡು ಚಂದ್ರರು' ಎಂಬ ಬಲಾಢ್ಯ ಒನಿಗಳ ವಿಚಾರದಲ್ಲಿ ಇಂಗ್ಲಿಷ್ ಮುಗ್ಗರಿಸಿದೆ. 'ಅಪ್ಪರ್', 'ಲೋವರ್' ಎಂದರೆ ಬಸ್ಸಿನ ಬರ್ತ್ ಹಂಚಿದಂತಿದೆ. ಮೂಲದ 'ಜೋಗೆನ್' ಬೆಳೆಯುವ ಅರ್ಧಚಂದ್ರ, 'ಕಗೆನ್' ಕರಗುವ ಅರ್ಧಚಂದ್ರ. ನಮ್ಮ ಗೋಡೆಯ ಪಂಚಾಂಗದಲ್ಲಿ ಎರಡೂ ಇವೆ: ಶುಕ್ಲಪಕ್ಷ, ಕೃಷ್ಣಪಕ್ಷ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂರನೆಯ ಅಕಜನನ್ನು 'ಶುಕ್ಲ ತದಿಗೆ' ಎಂದು ಕರೆಯಲು ನಾಲಿಗೆ ತುರಿಸುತ್ತದೆ, ಆದರೆ ಬೇಡ. ಶುಕ್ಲ ಪಾಡ್ಯದ ಚಂದ್ರ ಕಣ್ಣಿಗೇ ಬೀಳುವುದಿಲ್ಲ, ಕಥೆಯಲ್ಲಿ ಒಂದನೆಯವನೇ ಎಲ್ಲರಿಗಿಂತ ಬಲಾಢ್ಯ. ಪಕ್ಷ ಇಟ್ಟುಕೊಂಡು ತಿಥಿ ಬಿಟ್ಟು, 'ಶುಕ್ಲ ಮೂರು', 'ಕೃಷ್ಣ ಐದು' ಎಂದರೆ ತೂಕವೂ ಇದೆ, ತಪ್ಪೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ 'ಹಿನೊಕಮಿ ಕಗುರ'. ತಂಜಿರೋನ ಮನೆಯವರು ಹೊಸ ವರ್ಷಕ್ಕೆ ಸಂಜೆಯಿಂದ ಬೆಳಗಿನವರೆಗೆ ಕುಣಿಯುವ ಆರಾಧನೆಯ ಕುಣಿತವದು. ಬರೀ ಕಿವಿಗೆ 'ಹಿ' ಎಂದರೆ ಬೆಂಕಿಯೂ ಹೌದು, ಸೂರ್ಯನೂ ಹೌದು. ಬರೆದಾಗ ಮಾತ್ರ ಲಿಪಿ ಬೇರೆ. ಇಡೀ ಕಥೆ ಈ ಗೊಂದಲದ ಮೇಲೆ ನಿಂತಿದೆ. ಮೊದಲ ಸೀಸನ್ನಿನಲ್ಲೇ ಹಶಿರರಲ್ಲೊಬ್ಬಳಾದ ಶಿನೊಬು, ಜ್ವಾಲೆಯ ಉಸಿರನ್ನು 'ಹಿ'ಯ ಉಸಿರು ಎಂದು ಕರೆಯಕೂಡದೆಂಬ ಕಟ್ಟುನಿಟ್ಟಿನ ನಿಯಮವಿದೆ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಈ ಮಾತು ಪೇಲವ. ಅದನ್ನೇ ನೋಡಿ 'ಅಗ್ನಿನೃತ್ಯ' ಎಂದು ಬರೆದ ಅನುವಾದಕ ಮುಂದೆ ಅದು ಬೆಂಕಿಯಲ್ಲ, ಸೂರ್ಯ ಎಂಬ ಗುಟ್ಟು ಬಿಚ್ಚಿಕೊಂಡಾಗ ಬಾಯಿ ಬಿಡುತ್ತಾನೆ. ಕನ್ನಡಕ್ಕೆ ಈ ಪೇಚಿಲ್ಲ. 'ಹೊತ್ತು ಮೂಡಿತು' ಎಂದರೆ ಸೂರ್ಯ, 'ಹೊತ್ತಿ ಉರಿಯಿತು' ಎಂದರೆ ಬೆಂಕಿ. 'ಹೊತ್ತಿನ ದೇವರ ಕುಣಿತ' ಎಂದಿಟ್ಟರೆ ಕೇಳುವವನು ಮೊದಲು ಬೆಂಕಿ ಎಂದುಕೊಂಡಾನು, ಆಮೇಲೆ ತನ್ನ ಕಿವಿಯನ್ನೇ ಬೈದುಕೊಂಡಾನು. ಜಪಾನಿ ನೋಡುಗನಿಗೆ ಆಗುವುದೂ ಅದೇ. ಇದನ್ನು ಕೋಲ, ಯಕ್ಷಗಾನ ಎಂದು ನಮ್ಮದನ್ನಾಗಿ ಮಾಡುವ ಉತ್ಸಾಹ ಬೇಡ. ಹಿಮದಲ್ಲಿ ಕುಣಿಯುವ ಶಿಂಟೋ ಆರಾಧನೆ ಹಾಗೆಯೇ ಇರಲಿ.

ಹೆಸರುಗಳ ಮಾತು. ಕನ್ನಡಕ್ಕೆ ಎ-ಏ, ಒ-ಓ ಎರಡೂ ಇವೆ, ಹಿಂದಿಯ ಬರಹದಲ್ಲಿ ಆ ಹ್ರಸ್ವಗಳಿಲ್ಲ. ಹಿಂದಿ ಸ್ಕ್ರಿಪ್ಟು ನೋಡಿ ಬರೆದರೆ ನೆಜುಕೊ 'ನೇಜುಕೋ' ಆಗುತ್ತಾಳೆ, ರೆಂಗೊಕು 'ರೇಂಗೋಕು' ಆಗುತ್ತಾನೆ, ಇಂಗ್ಲಿಷ್ ನೋಡಿದರೆ ಮುಜನ್ 'ಮುಜಾನ್'. ತಂಜಿರೋದ ಕೊನೆ ಮಾತ್ರ ದೀರ್ಘ. ಹಶಿರರಲ್ಲೊಬ್ಬನಾದ ಈ ರೆಂಗೊಕು ರೈಲಿನಲ್ಲಿ ಬುತ್ತಿಯ ಮೇಲೆ ಬುತ್ತಿ ಖಾಲಿ ಮಾಡುತ್ತ 'ಉಮೈ!' (ರುಚಿಯಾಗಿದೆ) ಎಂದು ಬೊಬ್ಬಿರಿಯುವ ಮೂರು ಮಾತ್ರೆಗೆ 'ಸೊಗಸು!' ಹಿಡಿಸುತ್ತದೆ.

ಸಂಬಂಧವಾಚಕಗಳಿಗೆ ತಲೆ ಕೆಡಿಸಿಕೊಳ್ಳುವುದೇ ಬೇಡ, ಅಣ್ಣ ಅಣ್ಣನೇ. ಡೋಲು ಬಾರಿಸುವ ಒನಿಯ ಮನೆಯಲ್ಲಿ ಪಕ್ಕೆಲುಬು ಮುರಿದುಕೊಂಡ ತಂಜಿರೋ, ತಾನು ಹಿರಿಮಗನಾದ್ದರಿಂದ ನೋವು ತಡೆದುಕೊಂಡೆ, ಎರಡನೆಯವನಾಗಿದ್ದರೆ ಆಗುತ್ತಿರಲಿಲ್ಲ ಎಂದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಇದು ವಿಚಿತ್ರ ತಮಾಷೆಯಾಗಿ ಕೇಳುತ್ತದೆ. ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಮೂರನೆಯ ಭಾಗದ ಇಂಗ್ಲಿಷ್ ಹೆಸರು 'ಎಂಟರ್ಟೈನ್‌ಮೆಂಟ್ ಡಿಸ್ಟ್ರಿಕ್ಟ್'. ದಯವಿಟ್ಟು ಯಾರೂ 'ಮನರಂಜನಾ ಜಿಲ್ಲೆ' ಮಾಡಬೇಡಿ. ಅದು ಟೋಕಿಯೊದ ಯೊಶಿವರ, ವೇಶ್ಯೆಯರ ಕೇರಿ. ಹಂಪಿಯಲ್ಲಿ ಅಚ್ಯುತರಾಯ ದೇವಸ್ಥಾನದ ಮುಂದಿನ ಬೀದಿಗೆ ಸೂಳೆ ಬಜಾರ್ ಎಂಬ ಹೆಸರು ಇಂದಿಗೂ ಇದೆ, ಪದಕ್ಕೆ ನಾಚುವ ಅಗತ್ಯವಿಲ್ಲ. ಕಾರ್ಟೂನ್ ಎಂದುಕೊಂಡು ಒಂದನೇ ತರಗತಿ ಮಕ್ಕಳನ್ನು ಮುಂದೆ ಕೂರಿಸುವವರಿಗೂ ಇದು ಎಚ್ಚರಿಕೆಯಾಗಲಿ: ಇದೇ ಸರಣಿಯ 2020ರ 'ಮುಗೆನ್ ಟ್ರೈನ್' ಚಿತ್ರಕ್ಕೆ ಜಪಾನಿನಲ್ಲೇ ಪಿಜಿ-12 (12ರ ಕೆಳಗಿನವರಿಗೆ ಹಿರಿಯರ ಮಾರ್ಗದರ್ಶನ ಬೇಕು), ಅಮೆರಿಕದಲ್ಲಿ ಆರ್ (17ರ ಕೆಳಗಿನವರ ಜೊತೆ ಹಿರಿಯರು ಇರಬೇಕು) ಪ್ರಮಾಣಪತ್ರ ಕೊಟ್ಟಿದ್ದರು.

ಡಬ್ಬಿಂಗಿಗೆ ಮೊದಲು ಸಬ್‌ಟೈಟಲ್ ಮಾಡಿ ಕೈ ಪಳಗಿಸಿಕೊಳ್ಳುವುದು ಅಗ್ಗ. ಇಲ್ಲೂ ಒಂದು ತೊಡಕಿದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡದ ಎರಡು ಸಾಲು ಕೂರಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. 'ರಕ್ಕಸ'ನ ಕೆಳಗೆ 'ಕೀ' ಬಂದರೆ ಎರಡೂ ಓದಲಾಗದು. ಅಂತರ ಹೆಚ್ಚಿಸಿ, ಇಲ್ಲವೇ ಮಾತು ಕುಗ್ಗಿಸಿ ಒಂದೇ ಸಾಲಿಗೆ ತನ್ನಿ.

ಯಾವುದಾದರೂ ಸ್ಟುಡಿಯೊ ಪರೀಕ್ಷೆ ಮಾಡಿ ನೋಡುವುದಾದರೆ ಮೊದಲ ಕಂತನ್ನು ಎತ್ತಿಕೊಳ್ಳಬಾರದು, ಅದರಲ್ಲಿ ವರಸೆಗಳೇ ಇಲ್ಲ. ಮೊದಲ ಸೀಸನ್ನಿನ 19ನೇ ಕಂತಿನ ಕೊನೆಯ ಭಾಗ ಸಾಕು. ವರಸೆಯ ಕೂಗು, 'ಕೃಷ್ಣ ಐದು' ರುಯಿಯ ತಣ್ಣನೆಯ ದನಿ, ಅಪ್ಪನ ಕುಣಿತದ ನೆನಪು, ಅಮ್ಮ ನೆಜುಕೊಳನ್ನು ಎಬ್ಬಿಸುವ ಮಾತು, ಎಲ್ಲವೂ ಅಲ್ಲಿವೆ. ನೆಜುಕೊಗೆ ಬರೀ 'ಮ್ಮ್' ಎನ್ನುವ ಕೆಲಸವೆಂದು ಯಾರನ್ನೋ ನಿಲ್ಲಿಸಬೇಡಿ; ಕಲಾವಿದೆ ಹಲ್ಲಿನ ನಡುವೆ ಏನನ್ನಾದರೂ ಕಚ್ಚಿಕೊಂಡೇ ದನಿ ಕೊಡಬೇಕು, ಇಲ್ಲದಿದ್ದರೆ ನೆಜುಕೊಳ ಬಾಯಿಗೆ ಕಟ್ಟಿರುವ ಬಿದಿರಿನ ತುಂಡು ಸುಳ್ಳಾಗುತ್ತದೆ. ಕೊನೆಗೆ ಬರುವ ಹಾಡನ್ನು ಮಾತ್ರ ಜಪಾನಿಯಲ್ಲೇ ಬಿಟ್ಟು ಕೆಳಗೆ ಕನ್ನಡದ ಸಾಲು ಕೊಡಿ. ಅಷ್ಟು ನಿಮಿಷ ಕಿವಿಗೆ ಹಿತವಾಗಿ ಕೂತರೆ, 2024ರ ಜೂನ್ ತನಕ ಟಿವಿಯಲ್ಲಿ ಬಂದಿರುವ ಮಿಕ್ಕ 62 ಕಂತುಗಳಿಗೆ ಕೈ ಹಾಕಬಹುದು.

ಇಂತಿ,
ಅನಿಮೆ ಪ್ರಿಯ ಓದುಗರು, ಬೆಂಗಳೂರು