ಡ್ಯೂರರ್‌ನ ಆದಾಮ–ಹವ್ವ: ಗುಂಪಿಗೆ ಸೂಚನೆ

ಎಲ್ಲರ ಗಮನಕ್ಕೆ: ಈ ವಾರದ ಚಿತ್ರ, ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1504ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಆದಾಮ–ಹವ್ವ. ಎತ್ತರ ಸುಮಾರು 25 ಸೆಂ.ಮೀ. ಅಷ್ಟೇ, ಆದ್ದರಿಂದ ಹಿಗ್ಗಿಸಿಯೇ ನೋಡಿ.

ಮೈಯ ಬೆಳಕು ಅಂದರೆ ಶಾಯಿ ತಾಗದ ಬರೀ ಕಾಗದ. ಅದು ಹೊಳೆಯುವುದು ಹಿಂದಿನ ಕಾಡಿನ ಕಪ್ಪಿನಿಂದ. ಉಳಿದಿರುವ ಪರೀಕ್ಷಾ ಅಚ್ಚುಗಳಲ್ಲಿ (ಕೊರೆತ ಮುಗಿಯುವ ಮೊದಲೇ ತೆಗೆದು ನೋಡಿದವು) ಕಾಡು ಬಹುಪಾಲು ಮುಗಿದಿದ್ದರೂ ಮೈಗಳು ಹೆಚ್ಚಾಗಿ ಹೊರಗೆರೆಯಲ್ಲೇ ಇವೆ. ಕತ್ತಲೆಯನ್ನು ಮೊದಲು ಕಟ್ಟಿದ್ದಾನೆ ಪುಣ್ಯಾತ್ಮ! ತೊಡೆಯ ಹತ್ತಿರ ನೋಡಿ: ಗೆರೆಗಳು ದುಂಡಿಗೆ ತಕ್ಕಂತೆ ಬಾಗಿ, ಬೆಳಕಿನತ್ತ ತೆಳುವಾಗಿ, ಸಣ್ಣ ಚುಕ್ಕಿಗಳಾಗುತ್ತವೆ. ತಗಡು ಸವೆದಂತೆ ಮೊದಲು ಮಾಸುವುದು ಇವೇ. ಆಮೇಲಿನ ಪ್ರತಿಗಳಲ್ಲಿ ಮೈ ಚಪ್ಪಟೆ, ಕಾಡು ಬೂದು.

ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿ, ಆದಾಮನ ಪಾದದ ಬಳಿಯ ಇಲಿಯೂ ಮಸುಕಾಗುತ್ತದೆ.